ಮೂರನೆಯ ಬೆಂಚಿನ ಹುಡುಗ

1987ರಲ್ಲಿ ನಮ್ಮ ಶಾಲೆಯ ಎಂಟನೆಯ ತರಗತಿಯಲ್ಲಿದ್ದವರಿಗೆ, ಕಿಟಕಿಯ ಪಕ್ಕದ ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗನ ನೆನಪಿರಬಹುದು. ಹೆಸರು ಬರೆಯುವುದಿಲ್ಲ, ಬಲ್ಲವರು ಬಲ್ಲಿರಿ. ಹಳಗನ್ನಡ ಪದ್ಯವನ್ನು ಎರಡು ಬಾರಿ ಕೇಳಿದರೆ ಸಾಕು, ಒಪ್ಪಿಸಿಬಿಡುತ್ತಿದ್ದ. ಆ ವರ್ಷ ದಸರಾ ರಜೆಯಲ್ಲಿ ಅವನಿಗೆ ಮೆದುಳು ಜ್ವರ ಬಂದಿತು. ಮೂರು ವಾರ ಆಸ್ಪತ್ರೆಯಲ್ಲಿದ್ದು, ಬಡಕಲಾಗಿ, ಆದರೆ ನಗುತ್ತಲೇ ತರಗತಿಗೆ ಮರಳಿದ.

ಒಂದು ತಿಂಗಳು ಕಳೆದಿರಲಿಕ್ಕಿಲ್ಲ, ಹುಡುಗ ಬೇರೆಯೇ ಆದ. ಪಾಠದ ನಡುವೆ ಕಾರಣವಿಲ್ಲದೆ ನಗುವನು. ಏನನ್ನೋ ಅಗಿಯುವಂತೆ ತುಟಿಗಳನ್ನು ಒಂದೇ ಸಮನೆ ಆಡಿಸುವನು. ಬೆರಳುಗಳನ್ನು ಗಾಳಿಯಲ್ಲಿ ತಿರುಗಿಸುವನು. ಒಂದು ದಿನ ನಾನು ಸಮಾಸ ಹೇಳಿಕೊಡುತ್ತಿದ್ದಾಗ ನನ್ನನ್ನೇ ನೋಡುತ್ತ ಬಾಯಿ ಸೊಟ್ಟ ಮಾಡಿದ. ಹುಡುಗರು ನಕ್ಕರು. ಅಣಕಿಸುತ್ತಿದ್ದಾನೆಂದು ಭಾವಿಸಿ ಅಂಗೈಗೆ ಬೆತ್ತದಿಂದ ನಾಲ್ಕು ಏಟು ಕೊಟ್ಟೆ. ಅವನು ಕೈ ಹಿಂತೆಗೆಯಲಿಲ್ಲ, ಅಳಲೂ ಇಲ್ಲ. ಅದನ್ನು ಉದ್ಧಟತನವೆಂದು ತಿಳಿದು ಐದನೆಯದನ್ನೂ ಕೊಟ್ಟೆ.

ಮರುವಾರದಿಂದ ಅವನು ಬರಲಿಲ್ಲ. ತಾಯಿ ಬಂದು, "ರಾತ್ರಿಯೆಲ್ಲ ಕಣ್ಣೇ ಮುಚ್ಚಲ್ಲ ಮೇಷ್ಟ್ರೇ, ಮಾತೂ ನಿಂತೋಯ್ತು. ಗಾಳಿ ಸೋಕೈತೆ ಅಂತಾರೆ" ಎಂದರು. ಜೀವ ಉಳಿಯಿತು, ಓದು ಮಾತ್ರ ಅಲ್ಲಿಗೇ ನಿಂತಿತು.

2019ರಲ್ಲಿ ನನ್ನ ತಂಗಿಯ ಮೊಮ್ಮಗಳಿಗೆ, ಆಗ ಒಂಬತ್ತು ವರ್ಷ, ಜ್ವರದೊಡನೆ ಸೆಳವು ಬಂದಿತು. ಬೆನ್ನುಹುರಿಯ ದ್ರವವನ್ನು ಪರೀಕ್ಷಿಸಿ ಹರ್ಪೀಸ್ ವೈರಸ್ ಎಂದರು. ತುಟಿಯ ಅಂಚಿನಲ್ಲಿ ಜ್ವರದ ಗುಳ್ಳೆ ಏಳಿಸುವ ಆ ಸಾಮಾನ್ಯ ವೈರಸ್ಸೇ, ಅಪರೂಪಕ್ಕೆ ಮೆದುಳನ್ನು ಹೊಕ್ಕುತ್ತದಂತೆ. 21 ದಿನ ಅಸೈಕ್ಲೋವಿರ್ ಔಷಧವನ್ನು ರಕ್ತನಾಳದ ಮೂಲಕ ಕೊಟ್ಟರು. ಮಗು ಮನೆಗೆ ಬಂದಳು. ಕೆಲವು ವಾರಗಳ ಮೇಲೆ ನೋಡಲು ಹೋದೆ. ಜಗಲಿಯ ಮೇಲೆ ಕುಳಿತು ತನ್ನಷ್ಟಕ್ಕೆ ನಗುತ್ತ ತುಟಿ ಅಗಿಯುತ್ತಿದ್ದಳು. ಆ ತುಟಿಗಳನ್ನು ನಾನು ಹಿಂದೆ ಕಂಡಿದ್ದೆ.

ಅಂದೇ ಆಸ್ಪತ್ರೆಗೆ ಕರೆದೊಯ್ದೆವು. "ವೈರಸ್ ಮರಳಿ ಬಂದಿಲ್ಲ ಸಾರ್" ಎಂದರು ಯುವ ವೈದ್ಯೆ. ವೈರಸ್ ಮೆದುಳಿನ ಕಣಗಳನ್ನು ಹಾಳುಗೆಡವಿದಾಗ ಒಳಗಿನ ಪ್ರೋಟೀನುಗಳು ಹೊರಬೀಳುತ್ತವೆ, ದೇಹ ಅವನ್ನೇ ಶತ್ರುವೆಂದು ಬಗೆದು ಪ್ರತಿಕಾಯಗಳನ್ನು ತಯಾರಿಸುತ್ತದೆ ಎಂಬುದು ತಜ್ಞರ ಊಹೆ. ಆ ಪ್ರತಿಕಾಯಗಳು ಕಲಿಕೆ, ನೆನಪು, ನಡವಳಿಕೆಗಳಿಗೆ ಬೇಕಾದ ಎನ್‌ಎಂಡಿಎ ಗ್ರಾಹಕಗಳ ಮೇಲೆರಗುತ್ತವೆ. ಈ ಕಾಯಿಲೆಯ ಗುಟ್ಟನ್ನು ಜೋಸೆಪ್ ಡಾಲ್ಮೌ ಮತ್ತು ಸಂಗಡಿಗರು ಬಿಡಿಸಿದ್ದು 2007ರಲ್ಲಿ. ನಾನು ಬೆತ್ತ ಎತ್ತಿ ಇಪ್ಪತ್ತು ವರ್ಷಗಳ ಮೇಲೆ! ಸ್ಪೇನ್ ದೇಶದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹರ್ಪೀಸ್ ಮೆದುಳು ಜ್ವರದಿಂದ ಚೇತರಿಸಿಕೊಳ್ಳುತ್ತಿದ್ದ 51 ಮಂದಿಯಲ್ಲಿ 14 ಮಂದಿಗೆ ಮೂರು ತಿಂಗಳೊಳಗೆ ಹೀಗಾಗಿತ್ತು. ನಮ್ಮ ಗದ್ದೆಯ ಸೀಮೆಗಳ ಜಪಾನೀಸ್ ಮೆದುಳು ಜ್ವರದ ತರುವಾಯವೂ ಇದು ಕಂಡುಬಂದಿದೆ.

ವೈರಸ್ಸಿನ ಔಷಧ ಇದಕ್ಕೆ ನಾಟುವುದಿಲ್ಲ. ಸ್ಟೀರಾಯ್ಡ್, ಇಮ್ಯುನೋಗ್ಲೋಬ್ಯುಲಿನ್ ಮುಂತಾದವುಗಳಿಂದ ದೇಹದ ಆ ಕುರುಡು ಕೋಪವನ್ನು ತಣಿಸಬೇಕು. ಬೇಗ ತಣಿಸಿದಷ್ಟೂ ಲೇಸು. ಮಗು ಮತ್ತೆ ಪೂರ್ಣ ವಾಕ್ಯ ಆಡಲು ನಾಲ್ಕು ತಿಂಗಳು ಹಿಡಿಯಿತು. ಒಂದು ವರ್ಷದ ಓದು ಹೋಯಿತು. ಈಗಲೂ ಮಗ್ಗಿ ಮರೆಯುತ್ತಾಳೆ. ಜಗಳ ಮಾತ್ರ ಮರೆಯುವುದಿಲ್ಲ.

ನಿಮ್ಮಲ್ಲಿ ಹಲವರು ಈಗ ಮೇಷ್ಟ್ರುಗಳು, ತಾಯ್ತಂದೆಯರು. ಮೆದುಳು ಜ್ವರದಿಂದ ಗುಣವಾದ ಮಗು ಕೆಲವೇ ವಾರಗಳಲ್ಲಿ ನಿದ್ದೆಗೆಟ್ಟು, ಮಾತುಗೆಟ್ಟು, ವಿಚಿತ್ರವಾಗಿ ಆಡತೊಡಗಿದರೆ ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ.

ಆ ಹುಡುಗನಿಗೆ ಆಗಿದ್ದೂ ಇದೇ ಎಂದು ಸಾಧಿಸುವ ಪರೀಕ್ಷೆ ಇನ್ನು ಸಾಧ್ಯವಿಲ್ಲ. ಆದರೂ ಕಳೆದ ಕಾರ್ತಿಕದಲ್ಲಿ ಅವನ ಊರಿಗೆ ಹೋದೆ. ಐವತ್ತು ದಾಟಿದ್ದಾನೆ, ಅಣ್ಣನ ತೋಟದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. "ಬನ್ನಿ ಸಾರ್" ಎಂದು ಎದ್ದು ನಿಂತ. ಹೇಳಬೇಕಾದುದನ್ನು ಹೇಳಿದೆ. ಅವನು ನಿಧಾನವಾಗಿ ಕೇಳಿ, "ಯಾವಾಗ ಹೊಡೆದಿರಿ ಸಾರ್?" ಎಂದ. ಆ ತಿಂಗಳುಗಳು ಅವನ ನೆನಪಿನಲ್ಲಿ ಉಳಿದೇ ಇರಲಿಲ್ಲ. ಮಾತು ಸಾಕೆನಿಸಿತೋ ಏನೋ, ಮಚ್ಚು ತೆಗೆದುಕೊಂಡು ನನಗೊಂದು ಎಳನೀರು ಕೆತ್ತತೊಡಗಿದ.