ಅಪ್ಪನ ಮಾತ್ರೆ, ನನ್ನ ಬಾಟ್

ಬರೆಯದೆ ತುಂಬಾ ದಿನ ಆಯ್ತು. ಆಫೀಸಿನ ರಿಲೀಸ್ ಗಲಾಟೆ ಅನ್ನೋದು ಹಳೇ ನೆಪ. ಈ ಸಲ ಹೊಸ ನೆಪ ಇದೆ, ಅಪ್ಪನಿಗೋಸ್ಕರ ಒಂದು ಬಾಟ್ ಬರೆದೆ.

ಅಮ್ಮ ಅಕ್ಕನ ಬಾಣಂತನಕ್ಕೆ ಅಂತ ಹುಬ್ಬಳ್ಳಿಗೆ ಹೋಗಿದ್ದಳು. ಸಾಗರದ ಹತ್ತಿರದ ನಮ್ಮೂರಲ್ಲಿ ಅಪ್ಪ ಒಬ್ಬನೇ. ಬೆಳಿಗ್ಗೆ ಬಿ.ಪಿ. ಮಾತ್ರೆ ನೆನಪು ಮಾಡೋದು ಅಮ್ಮನ ಕೆಲಸ. "ದಿನಾ ಎಂಟಕ್ಕೆ ಒಂದು ಫೋನ್ ಮಾಡೋ" ಅಂದಿದ್ದಳು. ಎರಡು ದಿನ ಮಾಡಿದೆ. ಮೂರನೇ ದಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮರೆತೆ. ಇಂಜಿನಿಯರಿಂಗ್ ಓದಿದ ಮಗ ಆಮೇಲೆ ಏನು ಮಾಡ್ತಾನೆ? ಟೆಲಿಗ್ರಾಂನಲ್ಲಿ ಬಾಟ್‌ಫಾದರ್ ಹತ್ರ ಟೋಕನ್ ಇಸ್ಕೊಂಡು, ಪೈಥಾನ್‌ನಲ್ಲಿ ನೂರು ಸಾಲು ಬರೆದು, ಎಡಬ್ಲ್ಯೂಎಸ್ ಲ್ಯಾಂಬ್ಡಾ ಮೇಲೆ ಕೂರಿಸಿದೆ. ತಿಂಗಳಿಗೆ 10 ಲಕ್ಷ ಕರೆಗಳವರೆಗೆ ಬಿಟ್ಟಿ. ಅಪ್ಪನಿಗೆ ದಿನಕ್ಕೆರಡು ಸಾಕು :-)

ಎಂಟಕ್ಕೆ ಬಾಟ್ "ಮಾತ್ರೆ ತಗೊಂಡ್ಯಾ ಅಪ್ಪಾ?" ಅಂತ ಕೇಳೋದು. ಅಪ್ಪ ಇಲ್ಲ ಅಂದ್ರೆ "ಬಿಳೀ ಮಾತ್ರೆ ಒಂದು ತಗೋ" ಅನ್ನೋದು. ಗುರುತು ಸಿಗಲಿ ಅಂತ ಬಾಟಿಗೆ ನನ್ನದೇ ಫೋಟೋ ಹಾಕಿದ್ದೆ.

ಮೊದಲ ದಿನ ಸಂದೇಶ ಹೋಗಿದ್ದು ಮಧ್ಯಾಹ್ನ 1:30ಕ್ಕೆ. ನಾನು ಹಾಕಿದ್ದ ಶೆಡ್ಯೂಲ್ ಓಡೋದು ಯುಟಿಸಿಯಲ್ಲಿ, ನಮ್ಮ ಗಡಿಯಾರ ಅದಕ್ಕಿಂತ 5:30 ಗಂಟೆ ಮುಂದೆ. 8 ಅಂತ ಬರೆದಲ್ಲಿ 2:30 ಅಂತ ಬರೆಯಬೇಕಿತ್ತು. ನಗಾಡಿಕೊಂಡು ಸರಿ ಮಾಡಿದೆ.

ಎರಡನೇ ತಪ್ಪಿಗೆ ನಗು ಬರಲಿಲ್ಲ. ಒಂದಿನ ಅಪ್ಪ "ಇಲ್ಲ" ಅಂದ, "ಬಿಳೀ ಮಾತ್ರೆ ಒಂದು ತಗೋ" ಅಂತ ಉತ್ತರ ಹೋಯ್ತು. ಆಮೇಲೆ ನನ್ನ ಕೋಡು ಅದನ್ನ ಒಂದು ಶೀಟಿನಲ್ಲಿ ಬರೆದಿಡೋಕೆ ಹೋಗಿ ತಡ ಮಾಡ್ತು. ನಾವು ಬದಲಿಸದಿದ್ರೆ ಲ್ಯಾಂಬ್ಡಾದಲ್ಲಿ ಸಿಗೋದು ಮೂರೇ ಸೆಕೆಂಡು. ನಾನು ಬದಲಿಸಿರಲಿಲ್ಲ. ಕೆಲಸ ಅರ್ಧಕ್ಕೇ ನಿಂತಿತು. 'ಸಿಕ್ಕಿತು' ಅನ್ನೋ ಉತ್ತರ ಬರದಿದ್ರೆ ಟೆಲಿಗ್ರಾಂ ಅದೇ ಸಂದೇಶವನ್ನ ಮತ್ತೆ ಕಳಿಸುತ್ತೆ. ಅದು ನಿಯಮ, ಸರಿಯಾದ ನಿಯಮವೇ. ನನ್ನ ಬಾಟ್ ಮಾತ್ರ ಹೊಸದಾಗಿ ಬಂದಿದ್ದು ಅಂದ್ಕೊಂಡು ಮತ್ತೆ ಹೇಳಿತು: "ಬಿಳೀ ಮಾತ್ರೆ ಒಂದು ತಗೋ."

ಅಪ್ಪ ತಗೊಂಡ.

ಸಂಜೆ ಫೋನಿನಲ್ಲಿ "ತಲೆ ಸುತ್ತು, ಮಲಗಿದ್ದೆ" ಅಂದ. ಎರಡ್ಯಾಕೆ ತಗಂಡೆ ಅಂದ್ರೆ, "ನೀನೇ ಎರಡು ಸಲ ಹೇಳಿದ್ಯಲ್ಲೋ ಮಾರಾಯ!" ಪಕ್ಕದ ಮನೆಯವರು ಡಾಕ್ಟರ ಹತ್ರ ಕರ್ಕೊಂಡು ಹೋಗಿ ಬಂದರು. ಪುಣ್ಯಕ್ಕೆ ಏನೂ ಆಗಿರಲಿಲ್ಲ. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಸರಿ ಮಾಡೋದು ಸುಲಭ. ಬರೋ ಪ್ರತಿ ಸಂದೇಶಕ್ಕೂ ಒಂದು ಅಪ್‌ಡೇಟ್ ಐಡಿ ಇರುತ್ತೆ. ಅದನ್ನ ಮೊದಲೇ ಬರೆದಿಟ್ಕೊಂಡು, ಅದೇ ಐಡಿ ಮತ್ತೆ ಬಂದರೆ 200 ಅಂತ ಉತ್ತರ ಕೊಟ್ಟು ಸುಮ್ಮನಿದ್ರೆ ಮುಗೀತು. ಆಫೀಸಿನಲ್ಲಿ ದುಡ್ಡು ಕಟ್ಟೋ ಕೋಡಿಗೆ ಇದನ್ನ ಮರೆತ್ರೆ ರಿವ್ಯೂನಲ್ಲೇ ಉಗೀತಾರೆ. ಮನೇದು ತಾನೇ ಅಂತ ಬಿಟ್ಟಿದ್ದೆ.

ತಪ್ಪು ಹುಡುಕೋಕೆ ಅಂತ ಲಾಗ್ ತೆಗೆದಿದ್ನಲ್ಲ, ಅದರಲ್ಲಿ ಅಪ್ಪ ಬಾಟಿಗೆ ಬರೆದಿದ್ದೆಲ್ಲಾ ಇತ್ತು. "ತಿಂಡಿ ಆಯ್ತನೋ?" "ಇಲ್ಲಿ ರಾತ್ರಿಯಿಂದ ಮಳೆ." "ಗೌರಿ ಕರು ಹಾಕ್ತು." ಪ್ರತಿಯೊಂದರ ಕೆಳಗೂ ನಾನು ಬರೆದಿಟ್ಟಿದ್ದ ಒಂದೇ ಉತ್ತರ: "ಅರ್ಥವಾಗಲಿಲ್ಲ. ದಯವಿಟ್ಟು ಹೌದು ಅಥವಾ ಇಲ್ಲ ಎಂದು ತಿಳಿಸಿ."

ಕರುವಿನ ಸುದ್ದಿಗೆ ಮಾತ್ರ ಅಪ್ಪ ಮತ್ತೆ ಬರೆದಿದ್ದ: "ಹೌದು. ಹೆಣ್ಗರು."