ನೀಲಿ ಬಿಲ್ಲೆ

ನಮ್ಮ ಶಿರಾಳಕೊಪ್ಪದಾಗೆ ಗಾಡಿ ನಿಲ್ಸೋಕೆ ಯಾರಾದ್ರೂ ಗಡಿಯಾರ ನೋಡಿದ್ದು ಕಂಡೀರಾ? ಸಂತೆ ದಿನ ಸರ್ಕಲ್ಲಿನಾಗೆ ಟ್ರ್ಯಾಕ್ಟರ್ ಒಂದು ಕಡೆ, ಶುಂಠಿ ಚೀಲ ಹೇರಿದ ಗೂಡ್ಸ್ ಆಟೋ ಇನ್ನೊಂದು ಕಡೆ. ನಮ್ಮನೆಯವರು "ಎರಡೇ ನಿಮಿಷ ಬಂದೆ" ಅಂತ ಮೆಡಿಕಲ್ ಶಾಪ್ ಮುಂದೆ ಬೈಕ್ ನಿಲ್ಸಿ ಹೋದ್ರೆ, ಚಾ ಕುಡ್ದು ಬರೋ ಹೊತ್ತಿಗೆ ನನ್ನ ಕೈಚೀಲದ ಸೊಪ್ಪು ಬಾಡಿರುತ್ತೆ. ಇಂಥಾ ಊರಿಂದ ನಾನು ಮಗಳ ಬಾಣಂತನಕ್ಕೆ ಅಂತ ಜರ್ಮನಿ ದೇಶದ ಸ್ಟುಟ್‌ಗಾರ್ಟಿಗೆ ಹೋದವಳು.

ಅಂಟಿನುಂಡೆ, ಮೆಣಸಿನ ಪುಡಿ ಎಲ್ಲ ಕಟ್ಕೊಂಡು ಹೋಗಿದ್ದೆ. ಬಾಣಂತನ ಮಾಡೋಕೆ ಹೋದೋಳು ಅಲ್ಲಿ ನಾನೇ ಕೂಸಿನ ಹಂಗಾದೆ. ಒಂದು ಬೋರ್ಡು ಓದೋಕೆ ಬರಲ್ಲ, ಹಾಲು ತರೋಕೂ ಇನ್ನೊಬ್ರ ಕೈ ನೋಡ್ಬೇಕು.

ಒಂದಿನ ಮಗೂನ ಡಾಕ್ಟ್ರಿಗೆ ತೋರಿಸೋಕೆ ಹೋದ್ವಿ. ಅಳಿಯಂದಿರು ಆಫೀಸಿಗೆ ಹೋಗಿದ್ರು, ಮಗಳೇ ಕಾರ್ ನಡೆಸಿದ್ಲು. ರಸ್ತೆ ಬದಿ ನಿಲ್ಸಿ, ಅಂಗೈ ಅಗಲದ ಒಂದು ನೀಲಿ ಬಿಲ್ಲೆ ತೆಗೆದು, ಅದರ ಚಕ್ರ ತಿರುಗಿಸಿ ಗಾಜಿನ ಹಿಂದೆ ಇಟ್ಲು. ನಂಗೆ ಮೊಣಕಾಲು ನೋವು, ಕಾರಲ್ಲೇ ಕೂತೆ. "ಒಂದು ಗಂಟೆ ಟೈಮ್ ಐತಮ್ಮ" ಅಂದು ಹೋದ್ಲು.

ಒಳಗೆ ಜನ ಇದ್ರೋ ಏನೋ, ಹನ್ನೊಂದೂವರೆ ದಾಟಿದ್ರೂ ಬರ್ಲಿಲ್ಲ. ದೂರದಾಗೆ ಸಮವಸ್ತ್ರದ ಹೆಂಗಸೊಬ್ಬಳು ಒಂದೊಂದೇ ಕಾರು ಬಗ್ಗಿ ನೋಡ್ತಾ ಬಂದಳು. ನನ್ನೆದೆ ಡವಡವ. ಮಗಳಿಗೆ ಉಪಕಾರ ಆಗ್ಲಿ ಅಂತ ಬಿಲ್ಲೆ ತೆಗೆದು ಚಕ್ರಾನ ಹನ್ನೆರಡಕ್ಕೆ ತಿರುಗಿಸಿಟ್ಟೆ. ಆಕೆ ಕಂಡೇಬಿಟ್ಲು. ಗಾಜು ಬಡಿದು, ಬೈಲಿಲ್ಲ, ಟೈರ್ ಕಡೆ ಬೆರಳು ತೋರ್ಸಿ ತಲೆ ಅಲ್ಲಾಡಿಸಿದ್ಲು. ಗಾಡಿ ಜರುಗದೆ ಬಿಲ್ಲೆ ತಿರುಗಿಸಂಗಿಲ್ಲ ಅನ್ನೋದು ಆಗ ಗೊತ್ತಾಯ್ತು.

ಆಮೇಲೆ ಮನೆಗೆ ಕಾಗದ ಬಂತು, 20 ಯೂರೋ ದಂಡ. ನಮ್ಮ ದುಡ್ಡಲ್ಲಿ ಎರಡು ಸಾವಿರದ ಹತ್ರ ಹತ್ರ. ಅಳಿಯಂದಿರು ಒಂದು ಮಾತೂ ಆಡ್ಲಿಲ್ಲ ನೋಡ್ರಿ, ಅದೇ ಚುಚ್ಚಿತು. ರಾತ್ರಿ ಮಗಳು ಮೆಲ್ಲಗೆ "ಅಮ್ಮ ಇನ್ಮೇಲೆ ಮನೇಲೇ ಇರ್ಲಿ ಬಿಡಿ" ಅಂದಿದ್ದು ಕೇಳಿಸ್ತು. ನಿದ್ದೆ ಬರ್ಲಿಲ್ಲ ನಂಗೆ.

ಭಾನುವಾರ ಅಲ್ಲಿ ಅಂಗಡಿ ಎಲ್ಲ ಬಂದ್. ಮಗು ಮಲಗಿತ್ತು. ನಾನೇ ಅಳಿಯಂದಿರ ಹತ್ರ ನೋಟ್ ಬುಕ್ಕು ಹಿಡ್ಕೊಂಡು ಕೂತು "ಹೇಳ್ಕೊಡ್ರಿ" ಅಂದೆ. ನಕ್ಕು, ತಾಳ್ಮೆಯಿಂದ ಹೇಳಿದ್ರು. ಬಿಲ್ಲೆನ ಬಂದ ಹೊತ್ತಿಗಲ್ಲ, ಅದರ ಮುಂದಿನ ಅರ್ಧ ಗಂಟೆ ಗೆರೆಗೆ ಇಡ್ಬೇಕಂತೆ. ಹತ್ತು ಗಂಟೆ ಹತ್ತು ನಿಮಿಷಕ್ಕೆ ಬಂದ್ರೆ ಹತ್ತೂವರೆಗೆ. ಒಂದು ಗಂಟೆ ಲೆಕ್ಕ ಅಲ್ಲಿಂದ ಶುರು. ಇಪ್ಪತ್ತು ನಿಮಿಷ ಪುಕ್ಕಟೆ! ನೀಲಿ ದುಂಡು ಬೋರ್ಡಿಗೆ ಕೆಂಪು ಅಂಚು, ಒಂದೇ ಅಡ್ಡಗೆರೆ ಇದ್ರೆ ಮೂರು ನಿಮಿಷ ನಿಲ್ಬಹುದು, ಡ್ರೈವರ್ ಇಳಿದು ಹೋಗಂಗಿಲ್ಲ. ಎರಡು ಗೆರೆ ಕತ್ತರಿ ಹಾಕಿದ್ರೆ ನಿಲ್ಲೋ ಮಾತೇ ಇಲ್ಲ. ರಂಗೋಲಿ ಹಾಕೋ ಕೈ ನಂದು, ಬೋರ್ಡುಗಳನ್ನ ಬರ್ಕೊಂಡೆ. 'ವೆರ್ಕ್‌ಟಾಗ್ಸ್' ಅಂತ ಬರೆದಿದ್ರೆ ಕೆಲಸದ ದಿನ, ಅದರಾಗೆ ಶನಿವಾರಾನೂ ಸೇರುತ್ತೆ ಅಂದ್ರು. ಆಫೀಸಿಗೆ ರಜೆ ಇದ್ರೂ ಬೋರ್ಡಿಗೆ ರಜೆ ಇಲ್ಲ ಅಂತ ಪಕ್ಕದಾಗೆ ಬರ್ಕೊಂಡೆ.

ಮುಂದಿನ ಶನಿವಾರ ಅಕ್ಕಿ, ಬೇಳೆ ಅಂತ ನಮ್ಮ ಇಂಡಿಯಾದವರ ಅಂಗಡಿಗೆ ಹೊರಟ್ವಿ. ಮಗಳು ಬ್ಯಾಡ ಅಂದ್ರೂ ನಾನೂ ಹತ್ತಿ ಕೂತೆ. ಅವಳಿಗೆ ಮೂರು ರಾತ್ರಿಯಿಂದ ನಿದ್ದೆ ಇಲ್ಲ. ಬಿಲ್ಲೆ ಇಡದೇ ಇಳಿದ್ಲು, "ಇವತ್ತು ರಜೆ ಅಲ್ವೇನಮ್ಮ" ಅಂತ. ಬೋರ್ಡಿನ ಕೆಳಗಿನ ಅಕ್ಷರಾನ ನನ್ನ ಬುಕ್ಕಿನ ಅಕ್ಷರದ ಜೊತೆ ಒಂದೊಂದಾಗಿ ಹೊಂದಿಸಿ ನೋಡಿ, "ಇಲ್ಲ ಪುಟ್ಟಿ, ಶನಿವಾರಾನೂ ಲೆಕ್ಕ. ಬಿಲ್ಲೆ ಇಡು" ಅಂದೆ. ಬುಕ್ಕು ನೋಡಿದ್ಲು, ನನ್ನ ಮುಖ ನೋಡಿದ್ಲು. ಬಿಲ್ಲೆ ನನ್ನ ಕೈಗೇ ಕೊಟ್ಟು "ನೀನೇ ಇಡಮ್ಮ" ಅಂದ್ಲು. ಆಮೇಲೆ ಊರಿಗೆ ಬರೋವರೆಗೂ ಆ ಕೆಲಸ ನಂದೇ.

ಬರುವಾಗ ಒಂದು ಹಳೇ ಬಿಲ್ಲೆ ಬ್ಯಾಗಿಗೆ ಹಾಕಿ ಕಳಿಸಿದ್ಲು. ಈಗ ಅಡುಗೆಮನೆ ಕಿಟಕಿಯಾಗೆ ಐತಿ. ಟ್ಯಾಂಕಿಗೆ ನೀರಿನ ಮೋಟ್ರು ಹಾಕಿದಾಗ ತಿರುಗಿಸಿ ಇಡ್ತೀನಿ. ನಮ್ಮನೆಯವರು ಮೋಟ್ರು ಬಂದ್ ಮಾಡೋಕೆ ಮರೆತು, ನಾನು ಬರೋ ಸದ್ದಿಗೆ ಮೊನ್ನೆ ಚಕ್ರ ಹಿಂದಕ್ಕೆ ತಿರುಗಿಸ್ತಿದ್ರು. ಟ್ಯಾಂಕಿಂದ ಅಂಗಳಕ್ಕೆ ನೀರು ಸುರೀತಿತ್ತು.