ಇಲ್ಲದ ನಾಲ್ಕು ಗುಬ್ಬಿಗಳು

2025ರ ಫೆಬ್ರವರಿ 15, ಶನಿವಾರ. ವಾರಕ್ಕೊಮ್ಮೆ ಸಿಗುವ ನಿದ್ದೆಯನ್ನು ಕೆಡಿಸಿ ಮಗಳು ನನ್ನನ್ನು ನಾಚಾರಂನ ನಮ್ಮ ಅಪಾರ್ಟ್‌ಮೆಂಟಿನ ಟೆರೇಸಿಗೆ ಎಳೆದುಕೊಂಡು ಹೋದಳು. ಶಾಲೆಯಲ್ಲಿ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಬಗ್ಗೆ ಹೇಳಿದ್ದರಂತೆ. ಫೆಬ್ರವರಿಯ ನಾಲ್ಕು ದಿನ, ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಸರಿ, ಕನಿಷ್ಠ ಹದಿನೈದು ನಿಮಿಷ ನಿಂತು ಕಂಡ ಹಕ್ಕಿಗಳನ್ನು ಎಣಿಸಿ ಬರೆಯಬೇಕು. 1998ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಎಣಿಕೆಗೆ ಭಾರತ ಸೇರಿದ್ದು 2013ರಲ್ಲಿ.

ಟೆರೇಸಿನಿಂದ ಕಾಣುವುದು ನೀರಿನ ಟ್ಯಾಂಕುಗಳು, ಅದರಾಚೆ ಇಂಡಸ್ಟ್ರಿಯಲ್ ಏರಿಯಾದ ಶೆಡ್ಡುಗಳು. ಇಲ್ಲೇನು ಸಿಗುತ್ತದೆ ಎಂದುಕೊಂಡಿದ್ದೆ. ಹದಿನೈದು ನಿಮಿಷದಲ್ಲಿ ಪಾರಿವಾಳ ಮೂವತ್ತೊಂದು, ಹದ್ದು ಆರು, ಕಾಗೆ ನಾಲ್ಕು, ಗೊರವಂಕ ಐದು, ಗಿಳಿ ಎರಡು, ಪಿಕಳಾರ ಎರಡು, ಕೆಳಗಿನ ಕರಿಬೇವಿನ ಗಿಡದಲ್ಲಿ ಒಂದು ಸೂರಕ್ಕಿ. ಮಗಳು ಬೆರಳಲ್ಲಿ ಎಣಿಸಿದಳು, ನಾನು ಫೋನಿನಲ್ಲಿ ಈಬರ್ಡ್ ಆ್ಯಪಿಗೆ ತುಂಬಿದೆ. ಏಳು ಜಾತಿ. ನನಗೇ ಹೆಮ್ಮೆ ಅನಿಸಿತು.

ಸಂಜೆ ಲಿಂಗಸುಗೂರಿನಿಂದ ಅವ್ವ ಫೋನ್ ಮಾಡಿದಾಗ ಮೊಮ್ಮಗಳು ಎಲ್ಲ ಒದರಿದಳು. ಅವ್ವ ಕೇಳಿದ್ದು ಒಂದೇ: “ಗುಬ್ಬಿ ಅದಾವೇನೋ ತಮ್ಮಾ ಅಲ್ಲಿ?” ನಾನು, “ಅದಾವ ತೊಗೊ, ನಾಲ್ಕು ಬಂದಿದ್ವು” ಎಂದೆ. ಯಾಕೆ ಹಾಗಂದೆನೋ. ಮಗ ಗುಬ್ಬಿಯೂ ಇಲ್ಲದ ಊರಲ್ಲಿದ್ದಾನೆ ಅನ್ನಿಸದಿರಲಿ ಅಂತಿರಬೇಕು. ಫೋನಿಟ್ಟ ಮೇಲೆ, ಹೇಗೂ ಹೇಳಿಯಾಯಿತಲ್ಲ ಎಂದು ಪಟ್ಟಿಯಲ್ಲೂ ‘ಗುಬ್ಬಿ: 4’ ಎಂದು ಸೇರಿಸಿದೆ. ಹದಿನೆಂಟು ವರ್ಷ ಪ್ರಾಜೆಕ್ಟ್ ಸ್ಟೇಟಸ್ ರಿಪೋರ್ಟ್ ಬರೆದ ಕೈ. ಹಳದಿ ಇದ್ದದ್ದನ್ನು ಹಸಿರು ಮಾಡುವುದು ಅದಕ್ಕೆ ಹೊಸದಲ್ಲ.

ಮರುದಿನ ಮಗಳು ಪಟ್ಟಿ ತೆಗೆದು ನೋಡಿದಳು. “ಅಪ್ಪಾ, ಗುಬ್ಬಿ ಯಾವಾಗ ಬಂತು?”

“ನೀನು ಆ ಕಡೆ ತಿರುಗಿದ್ದಾಗ.”

ಅವಳು ನಂಬಿದಳು. ಅದೇ ಚುಚ್ಚಿದ್ದು.

ವಿಚಿತ್ರ ಹಕ್ಕಿ ಹಾಕಿದ್ದರೆ ಸಿಕ್ಕಿಬೀಳುತ್ತಿದ್ದೆ. ಆ ಪ್ರದೇಶದಲ್ಲಿ, ಆ ಋತುವಿನಲ್ಲಿ ಅಪರೂಪದ ಹಕ್ಕಿಯೋ ಅತಿಯಾದ ಸಂಖ್ಯೆಯೋ ಬಂದರೆ ಈಬರ್ಡ್ ಅದನ್ನು ಎತ್ತಿ ತೋರಿಸುತ್ತದೆ. ಸ್ಥಳೀಯ ಪರಿಣತರು, ಅವರೂ ಸ್ವಯಂಸೇವಕರೇ, ಫೋಟೋ ಇದೆಯೇ, ವಿವರ ಹೇಳಿ ಎಂದು ಕೇಳುತ್ತಾರೆ. ಆದರೆ ನಾಲ್ಕು ಗುಬ್ಬಿಯನ್ನು ಯಾರು ಪ್ರಶ್ನಿಸುತ್ತಾರೆ?

ಪಟ್ಟಿ ಕಳಿಸುವಾಗ ಆ್ಯಪ್ ಒಂದು ಪ್ರಶ್ನೆ ಕೇಳಿತ್ತು: ನೀವು ಗುರುತಿಸಿದ ಎಲ್ಲ ಹಕ್ಕಿಗಳ ಪೂರ್ಣ ಪಟ್ಟಿಯೇ ಇದು? ಷರತ್ತುಗಳಿಗೆ ‘ಒಪ್ಪಿಗೆ’ ಒತ್ತುವಂತೆ ಹೌದು ಒತ್ತಿದ್ದೆ. ಅದರ ಅರ್ಥ ತಿಳಿದದ್ದು ಭಾನುವಾರ ರಾತ್ರಿ ಕೂತು ಓದಿದಾಗ. ಪೂರ್ಣ ಎಂದರೆ, ಬರೆಯದ ಹಕ್ಕಿ ಕಾಣಲಿಲ್ಲ ಎಂಬುದೂ ಮಾಹಿತಿ. ನೂರು ಪೂರ್ಣ ಪಟ್ಟಿಗಳಲ್ಲಿ ಗುಬ್ಬಿ ಹಿಂದೆ ಅರವತ್ತರಲ್ಲಿದ್ದು ಈಗ ಮೂವತ್ತರಲ್ಲಿದ್ದರೆ ಇಳಿಕೆ ಲೆಕ್ಕಕ್ಕೆ ಸಿಗುತ್ತದೆ. ಹೀಗೆ ಜನ ಕಳಿಸಿದ ಪಟ್ಟಿಗಳಿಂದಲೇ 2020ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಹೇಳಿತು: ದೇಶದ ಮಟ್ಟದಲ್ಲಿ ಗುಬ್ಬಿ ಹೆಚ್ಚುಕಡಿಮೆ ಸ್ಥಿರ, ಆದರೆ ದೊಡ್ಡ ನಗರಗಳಲ್ಲಿ ಇಳಿಯುತ್ತಿದೆ. ಆ ನಗರಗಳಲ್ಲಿ ಬೆಂಗಳೂರೂ ಇದೆ, ಹೈದರಾಬಾದೂ ಇದೆ. ಅಂದರೆ ನಾನು ಕೆಡಿಸಿದ್ದು ಸರಿಯಾಗಿ ಅದೇ ಸೊನ್ನೆಯನ್ನು.

1931–32ರಲ್ಲಿ ಸಲೀಂ ಅಲಿ ನಿಜಾಮರ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ ಮಾಡಿದ್ದರು. ಆಗ ನಮ್ಮ ರಾಯಚೂರೂ ಅದೇ ಸಂಸ್ಥಾನದ ಜಿಲ್ಲೆ. ಅಂದಿನ ಪದ್ಧತಿಯಂತೆ ಹಕ್ಕಿಗಳನ್ನು ಹೊಡೆದು ಮಾದರಿ ಸಂಗ್ರಹಿಸುತ್ತಿದ್ದರು. ಸುಳ್ಳು ಹೇಳುವುದು ಕಷ್ಟ, ಸತ್ತ ಹಕ್ಕಿಯೇ ಪುರಾವೆ. ಈಗ ನಮ್ಮಂಥವರ ಮಾತೇ ಪುರಾವೆ.

ಸೋಮವಾರ ಆಫೀಸಿಗೆ ಹೊರಡುವ ಮುನ್ನ ವಾಚ್‌ಮನ್‌ನನ್ನು ಕೇಳಿದೆ, ಎಲ್ಲೋ ಒಂದಾದರೂ ಇದ್ದೀತೆಂಬ ಆಸೆ. “ಪಿಚ್ಚುಕಲಾ? ಇಕ್ಕಡ ಲೇವು ಸಾರ್” ಎಂದ. ಈಬರ್ಡಿನಲ್ಲಿ ಕಳಿಸಿದ ಪಟ್ಟಿಯನ್ನೂ ತಿದ್ದಬಹುದು. ಗುಬ್ಬಿಯನ್ನು ಅಳಿಸಿದೆ. ಸಂಜೆ ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, “ಸೂರಕ್ಕಿ ನಿಜ ತಾನೆ?” ಎಂದಳು. ಹದ್ದು, ಗಿಳಿ ಎಲ್ಲದರ ಲೆಕ್ಕವನ್ನೂ ಮತ್ತೊಮ್ಮೆ ಒಪ್ಪಿಸಬೇಕಾಯಿತು.

ಅವ್ವನಿಗೂ ಹೇಳಿದೆ, “ಗುಬ್ಬಿ ಇಲ್ಲಬೇ ಇಲ್ಲಿ. ಸುಳ್ಳ ಹೇಳಿದ್ದೆ.”

“ಅದಕ್ಯಾಕ ಸುಳ್ಳ ಹೇಳ್ತಿ? ಇಲ್ಲಿ ಅದಾವಲ್ಲ.” ಮರುದಿನ ಅವಳೇ ಫೋನ್ ಮಾಡಿದಳು. ಅಕ್ಕಿ ಹಸನ ಮಾಡುತ್ತ ಅಂಗಳದಲ್ಲಿ ಕೂತು ಎಣಿಸಿದ್ದಳು. “ಹತ್ತೋ ಹನ್ನೊಂದೋ. ಕುಂತಲ್ಲಿ ಕುಂದ್ರಂಗಿಲ್ಲ ಅವು. ಹಾರಿ ಹೋಗಿದ್ದ ಮತ್ತ ಬಂದ್ರ ಹೆಂಗ ಗೊತ್ತಾಗಬೇಕು?”

“ಒಮ್ಮೆಗೇ ಕಂಡದ್ದೆಷ್ಟು, ಖಾತ್ರಿ ಇರೋದಷ್ಟ ಹೇಳಬೇ.”

ಆ ಕಡೆ ಸ್ವಲ್ಪ ಹೊತ್ತು ಮೌನ. ಮನಸ್ಸಿನಲ್ಲೇ ಎಣಿಸುತ್ತಿದ್ದಳೇನೋ.

“ಹಂಗಾರ ಒಂಬತ್ತು ಬರಿ.”